ಎಣ್ಣೆ ಹಾಕದ ಚಾಕು

ಸೊರಬದ ಕಲಾಯಿ ನಜೀರ್ ಸಾಬರಿಗೆ ಈ ಲೋಕದಲ್ಲಿ ಎರಡೇ ಹೆದರಿಕೆ. ಒಂದು ಪೊಲೀಸರದು, ಇನ್ನೊಂದು ಮಗ ಮುಕ್ತಾರ್ ಅಹಮದನ ಸಿಟ್ಟಿನದು. ಇವೆರಡೂ ಒಂದು ದಿನ ಒಂದೇ ಕಡೆ ಬಂದು ಸೇರುತ್ತವೆ ಎಂದು ಮಗನಿಗೆ ಮೀಸೆ ಚಿಗುರಿದಂದಿನಿಂದ ಅವರು ನಂಬಿಕೊಂಡು ಬಂದಿದ್ದರು. ಆ ನಂಬಿಕೆಗೆ ಆಧಾರ ಏನೂ ಇರಲಿಲ್ಲ. ಹುಡುಗನ ಮಾತು ಒರಟೇ ಹೊರತು ಯಾರ ಮೇಲೂ ಕೈ ಮಾಡಿದವನಲ್ಲ. ಆದರೆ ಹೆದರುವ ಮನುಷ್ಯ ಆಧಾರಕ್ಕಾಗಿ ಕಾಯುತ್ತಾ ಕೂರುತ್ತಾನೆಯೇ? ಅದೂ ಎಮರ್ಜೆನ್ಸಿಯ ಕಾಲ, ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತವನನ್ನೂ ಪೊಲೀಸರು ಯಾಕೆ ನಿಂತಿದ್ದೀಯ ಎಂದು ಕೇಳುತ್ತಿದ್ದರು.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ನಜೀರ್ ಸಾಬರು ಕಲಾಯಿಗೆ ಬೇಕಾದ ತವರ ತರಲು ಶಿಕಾರಿಪುರದ ಬಸ್ಸಿಗೆ ಹೊರಟಿದ್ದರು. ಚಪ್ಪಲಿ ಮೆಟ್ಟುತ್ತಿರುವಾಗ ಮಗ ಹಿಂದೆ ಬಂದು ನಿಂತ.

"ಅಬ್ಬಾ, ಬರ್ತಾ ಒಂದು ಚಾಕು ತನ್ನಿ. ಮಡಚೋದು. ಜೇಬಲ್ಲಿ ಇಟ್ಕಳಂಗಿರ್ಬೇಕು."

"ಮನೇಲಿ ಚಾಕು ಇಲ್ವೇನೋ?"

"ಅದಲ್ಲ. ಒಂದೇ ಕೈಲಿ ಬಿಚ್ಚಂಗಿರ್ಬೇಕು. ತಟ್ ಅಂತ ಬಿಚ್ಕಬೇಕು." ಮುಕ್ತಾರ್ ಬಲಗೈ ಹೆಬ್ಬೆರಳನ್ನು ಗಾಳಿಯಲ್ಲಿ ತಳ್ಳಿ ತೋರಿಸಿದ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಎಂತಕ್ಕೆ?"

"ಬೇಕು." ಅಷ್ಟು ಹೇಳಿ ಹಿತ್ತಿಲ ಕಡೆ ಹೋದ.

ನಜೀರ್ ಸಾಬರು ಇನ್ನೊಂದು ಚಪ್ಪಲಿ ಮೆಟ್ಟದೆ ನಿಂತರು. ಮೊನ್ನೆ ಜಡೆ ಊರಿನ ಹೋಟೆಲಿನ ಮುಂದೆ ಮಗನಿಗೂ ಹನುಮಂತಪ್ಪನಿಗೂ ಜಗಳವಾಯಿತೆಂದೂ, ಹನುಮಂತಪ್ಪ ಎಲ್ಲರೆದುರು ಮಗನ ಕೆನ್ನೆಗೆ ಬಾರಿಸಿದನೆಂದೂ ಯಾರೋ ಅವರ ಕಿವಿಗೆ ಹಾಕಿದ್ದರು. ಹನುಮಂತಪ್ಪ ಎಂದರೆ ಜಡೆಯ ವೀರಬಸಪ್ಪನವರ ಅಣ್ಣನ ಮಗ. ದೊಡ್ಡ ಮನೆ, ಜೊತೆಗೆ ಓಡಾಡಲು ನಾಲ್ಕು ಜನ. ಜಗಳ ಯಾತಕ್ಕೆ ಎಂದು ಸುದ್ದಿ ತಂದವನಿಗೂ ಗೊತ್ತಿರಲಿಲ್ಲ. ಆ ಸಂಜೆ ಮಗ ಟೀ ಲೋಟಕ್ಕೆ ಕೈ ಚಾಚಿದಾಗ ಅಂಗಿಯ ತೋಳು ಸರಿದು, ಎಡಗೈ ಮಣಿಕಟ್ಟಿನ ಸುತ್ತ ಚರ್ಮ ಸುಲಿದ ಕೆಂಪು ಗೀರು ಕಂಡಿತ್ತು. ಹಗ್ಗದ ಗುರುತು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಕೈ ಕಟ್ಟಿ ಹೊಡೆದಿದ್ದಾರೆ ನನ್ನ ಮಗನಿಗೆ, ಎಂದುಕೊಂಡರು ನಜೀರ್ ಸಾಬರು. ಈಗ ಚಾಕು ಕೇಳುತ್ತಿದ್ದಾನೆ. ಕೂಡಿಸಿ ನೋಡಿದರೆ ಎಲ್ಲವೂ ಸರಿಯಾಗಿ ಕೂಡುತ್ತಿತ್ತು.

ಮಗನನ್ನು ಕೂರಿಸಿಕೊಂಡು ಒಂದು ಮಾತು ಕೇಳಬಹುದಿತ್ತಲ್ಲ ಎಂದರೆ, ಕೇಳುವ ದಾರಿಯನ್ನು ಅವರೇ ಮುಚ್ಚಿದ್ದರು. ಮುಕ್ತಾರನಿಗೆ ಹೋರಿ ಹುಚ್ಚು. ದೀಪಾವಳಿ ಬಂತೆಂದರೆ ಅಲ್ಲಿಂದ ಕೆಲವು ವಾರ ಆ ಸೀಮೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳ ತುಂಬ ಕೊಬ್ಬರಿ ಬಟ್ಟಲಿನ ಸರ ಕಟ್ಟಿ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಆ ಸರ ಹರಿದವನು ಗಂಡು, ಹರಿಯಗೊಡದ ಹೋರಿ ಹುಲಿ. ಹಿಂದಿನ ವರ್ಷ ಒಂದು ಹೋರಿ ಮುಕ್ತಾರನ ತೊಡೆ ಸೀಳಿತ್ತು. ಅವತ್ತೇ ನಜೀರ್ ಸಾಬರು, "ಇನ್ನೊಂದ್ಸಲ ಹೋರಿ ಮುಂದೆ ಹೋದ್ರೆ ಈ ಮನೆ ಹೊಸ್ತಿಲು ತುಳೀಬೇಡ" ಎಂದುಬಿಟ್ಟರು. ಮಗ ಸರಿ ಎಂದ. ಆಮೇಲೆ ಮನೆಯಲ್ಲಿ ಹೋರಿಯ ಮಾತೇ ಬರಲಿಲ್ಲ, ಮಗ ಬಿಟ್ಟಿದ್ದಾನೆ ಎಂದು ತಂದೆ ನೆಮ್ಮದಿಯಾಗಿದ್ದರು. ಬಾಯಿ ಮುಚ್ಚಿಸಿದ್ದನ್ನೇ ಬುದ್ಧಿ ಕಲಿಸಿದ್ದು ಎಂದು ತಿಳಿಯುವ ಅಪ್ಪಂದಿರು ಎಲ್ಲ ಊರಲ್ಲೂ ಇದ್ದಾರೆ. ಇವರು ಸೊರಬದಲ್ಲಿದ್ದರು.

"ಚಾಕು ಗೀಕು ನಾನು ತರಲ್ಲ," ಎಂದು ಅವರು ಬಾಗಿಲಲ್ಲಿ ನಿಂತು ಹೆಂಡತಿ ಖುರ್ಷಿದಾಗೆ ಹೇಳಿದರು.

"ನೀವು ತರ್ದಿದ್ರೆ ಅವನೇ ಹೋಗಿ ತಗೋತಾನೆ. ಅವನು ತರೋದು ಎಂಥದಿರತ್ತೋ," ಎಂದಳು ಖುರ್ಷಿದಾ.

ಈ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಶಿರಾಳಕೊಪ್ಪ ದಾಟಿ ಬಸ್ಸು ಶಿಕಾರಿಪುರ ಮುಟ್ಟುವ ಹೊತ್ತಿಗೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ಬಸ್ಸಿಳಿಯುವಾಗ ಅವರಿಗೆ ನಗು ಬಂತು.

ಶಿಕಾರಿಪುರದಲ್ಲಿ ಬಡೇಸಾಬನದು ಕಬ್ಬಿಣದ ಸಾಮಾನಿನ ಅಂಗಡಿ. ಬೀಗ, ಕತ್ತರಿ, ಕುಡುಗೋಲು, ಅಡಕತ್ತರಿ, ಏನು ಕೇಳಿದರೂ ಇತ್ತು. ನಜೀರ್ ಸಾಬರಿಗೆ ಹಳೆಯ ಪರಿಚಯ. ಮಡಚುವ ಚಾಕು ಎಂದದ್ದೇ ತಡ, ಅವನು ಒಂದು ತಗಡಿನ ಡಬ್ಬಿಯನ್ನು ಗಲ್ಲೆಯ ಮೇಲೆ ಸುರಿದ.

"ಯಾರಿಗ್ರೀ ಭಾಯಿ?"

"ಮಗನಿಗೆ. ಒಂದೇ ಕೈಲಿ ಬಿಚ್ಚಂಗಿರ್ಬೇಕಂತೆ."

"ಹಂಗಾರೆ ಇದು ನೋಡ್ರಿ." ಬಡೇಸಾಬ್ ಒಂದು ಚಾಕು ಎತ್ತಿ ಗುಂಡಿ ಒತ್ತಿದ. ಅಲಗು ಟಕ್ಕೆಂದು ಹೊರಗೆ ಹಾರಿತು. ನಜೀರ್ ಸಾಬರು ಒಂದು ಹೆಜ್ಜೆ ಹಿಂದೆ ಸರಿದರು.

"ಇದು ಬ್ಯಾಡ ಅಂದ್ರೆ ಇದೈತಿ. ಗುಂಡಿಗಿಂಡಿ ಏನಿಲ್ಲ." ಮರದ ಹಿಡಿಯ ಇನ್ನೊಂದು ಚಾಕುವಿಗೆ ಅಲಗಿನ ಬೆನ್ನ ಮೇಲೆ ಹಿತ್ತಾಳೆಯ ಒಂದು ಮೊಳೆ ಇತ್ತು. ಬಡೇಸಾಬ್ ಹೆಬ್ಬೆರಳಿನಿಂದ ಆ ಮೊಳೆಯನ್ನು ಮೆಲ್ಲಗೆ ನೂಕಿದ. ಅಲಗು ಅರ್ಧವೃತ್ತ ತಿರುಗಿ ನೆಟ್ಟಗೆ ನಿಂತಿತು. "ಹಗ್ಗ ಕೊಯ್ಯಾಕ, ಹಣ್ಣು ಹೆಚ್ಚಾಕ. ಪೊಲೀಸ್ರೂ ಏನೂ ಅನ್ನಂಗಿಲ್ಲ. ತಗೊಂಡು ನೋಡ್ರಿ."

ನಜೀರ್ ಸಾಬರು ಅದನ್ನು ಕೈಗೆ ತೆಗೆದುಕೊಂಡರು. ನವಸಾಗರದ ಪುಡಿ ಮತ್ತು ಬೂದಿಯಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಅವರ ಬೆರಳುಗಳಲ್ಲಿ ಉಗುರೇ ಉಳಿದಿರಲಿಲ್ಲ. ಆ ಬೆರಳಿಗೂ ಚಾಕು ಸಲೀಸಾಗಿ ಬಿಚ್ಚಿಕೊಂಡಿತು. ಮಗ ಕೇಳಿದ್ದು ಇದನ್ನೇ ಎಂದು ಅವರಿಗೆ ಗೊತ್ತಾಯಿತು. ಇದು ಹನುಮಂತಪ್ಪನ ಹೊಟ್ಟೆಯೊಳಗೆ ಹೋಗುವುದೂ, ಮಗನ ಕೈಗೆ ಬೇಡಿ ಬೀಳುವುದೂ ಕಣ್ಣ ಮುಂದೆ ಬಂತು. ಚಾಕು ಮಡಚಿ ವಾಪಸು ಕೊಟ್ಟರು.

"ಭಾಯಿ, ಇದ್ರಲ್ಲಿ ಎಲ್ಲಾಕಿಂತ ಬಿಗಿ ಇರೋದು ಯಾವ್ದು? ಬಿಚ್ಚಕ್ಕೇ ಆಗಬಾರ್ದು, ಅಂಥದು."

ಬಡೇಸಾಬ್ ಕಣ್ಣು ಕಿರಿದು ಮಾಡಿ ನೋಡಿದ. "ಚಾಕು ಕೇಳಾಕ್ ಬಂದೀರೋ, ಬೀಗ ಕೇಳಾಕ್ ಬಂದೀರೋ?"

"ತಮಾಷೆ ಮಾಡ್ಬೇಡ. ನೋಡಕ್ಕೆ ಚೆಂದ ಇರ್ಬೇಕು. ಬಿಚ್ಚಕ್ಕೆ ಕಷ್ಟ ಆಗ್ಬೇಕು."

ಬಡೇಸಾಬ್ ಡಬ್ಬಿಯ ತಳದಿಂದ ಒಂದನ್ನು ಹುಡುಕಿ ತೆಗೆದ. ಕೋಣದ ಕೊಂಬಿನ ಹಿಡಿ, ಎರಡೂ ತುದಿಗೆ ಹಿತ್ತಾಳೆಯ ಕಟ್ಟು, ಚೆಂದವೆಂದರೆ ಚೆಂದ. ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು. ಒಳಗಿನ ಸ್ಪ್ರಿಂಗು ಎಷ್ಟು ಬಿಗಿ ಎಂದರೆ ಬಡೇಸಾಬ್ ಕೂಡ ಮೊಣಕಾಲಿಗೆ ಒತ್ತಿ ಹಿಡಿದು ಎರಡೂ ಕೈಯಲ್ಲಿ ಎಳೆಯಬೇಕಾಯಿತು. ಅಲಗು ಹರಿತವಾಗಿಯೇ ಇತ್ತು. ನಜೀರ್ ಸಾಬರು ಮಡಚಿ ಪ್ರಯತ್ನಿಸಿದರು. ಗೀರಿನಲ್ಲಿ ಅವರ ಬೆರಳು ನಿಲ್ಲದೆ ಜಾರಿ ಜಾರಿ ಹೋಯಿತು. ಎಷ್ಟು ಎಳೆದರೂ ಬಿಚ್ಚಲಿಲ್ಲ.

"ಇದೇ ಇರ್ಲಿ," ಎಂದರು.

"ತಡೀರಿ, ಒಂದು ತೊಟ್ಟು ಎಣ್ಣಿ ಬಿಡ್ತೀನಿ. ನಾಕು ಸಲ ಆಡ್ಸಿದ್ರೆ ಸಡ್ಲ ಆಗ್ತೈತಿ."

"ಬೇಡ."

"ಯಾಕ್ರೀ? ಪುಕ್ಸಟ್ಟೆ ಬಿಡ್ತೀನ್ರೀ."

"ಬೇಡ ಅಂದ್ನಲ್ಲ. ಎಣ್ಣೆ ಹಾಕ್ಬೇಡ." ಅವರು ಚಾಕುವನ್ನು ಅವನ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ಟವೆಲ್ಲಿನಲ್ಲಿ ಸುತ್ತಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಗೆ ಹಾಯೆನಿಸಿತು. ಮಗ ಕೇಳಿದ್ದನ್ನು ತಂದಂತೆಯೂ ಆಯಿತು, ತರದಂತೆಯೂ ಆಯಿತು. ಸಿಟ್ಟು ಎಷ್ಟೇ ಇರಲಿ, ಚಾಕು ಬಿಚ್ಚಲು ಒದ್ದಾಡುವಷ್ಟರಲ್ಲಿ ಇಳಿದಿರುತ್ತದೆ, ಇಲ್ಲವೇ ಯಾರಾದರೂ ಬಂದು ಬಿಡಿಸುತ್ತಾರೆ. ಒಂದು ಜೀವ ಉಳಿಸಿದೆ ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡರು.

ಮುಕ್ತಾರ್ ಚಾಕುವನ್ನು ಕಂಡು ಮೊದಲು ಖುಷಿಪಟ್ಟ. ಕೊಂಬಿನ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಬಲಗೈಯಲ್ಲಿ ಹಿಡಿದು ಹೆಬ್ಬೆರಳು ಒತ್ತಿದ. ಇನ್ನೊಮ್ಮೆ ಒತ್ತಿದ. ತಲೆ ಎತ್ತಿ ತಂದೆಯ ಮುಖ ನೋಡಿದ.

"ಒಂದು ಕೈಲಿ ಆಗ್ತಿಲ್ಲ ಅಬ್ಬಾ."

"ಹೊಸದಲ್ವೇನೋ. ಬಳಸ್ತಾ ಬಳಸ್ತಾ ಸಡಿಲಾಗತ್ತೆ."

"ಅಮ್ಮೀ, ಕೊಬ್ರಿ ಎಣ್ಣೆ ಕೊಡು ಸ್ವಲ್ಪ."

"ಎಣ್ಣೆ ಹಾಕ್ಬೇಡ!" ನಜೀರ್ ಸಾಬರ ದನಿ ತಾವೇ ಅಂದುಕೊಂಡದ್ದಕ್ಕಿಂತ ಜೋರಾಯಿತು. ತಗ್ಗಿಸಿ ಹೇಳಿದರು: "ಎಣ್ಣೆ ಹಾಕಿದ್ರೆ ಧೂಳು ಹಿಡ್ದು ಕಚ್ಕೊಂಡ್ಬಿಡತ್ತೆ. ಬಡೇಸಾಬ್ ಹೇಳಿದಾನೆ."

ಲೋಹದ ವಿಷಯದಲ್ಲಿ ತಂದೆಯ ಮಾತಿಗೆ ಮುಕ್ತಾರ್ ಎಂದೂ ಎದುರಾಡಿದವನಲ್ಲ. ಸರಿ ಎಂದು ಎಣ್ಣೆಯ ಆಸೆ ಬಿಟ್ಟ. ಸಂಜೆಯೆಲ್ಲ ಜಗಲಿಯಲ್ಲಿ ಕೂತು ಚಾಕು ಬಿಚ್ಚುತ್ತಿದ್ದ, ಮಡಚುತ್ತಿದ್ದ. ಎರಡು ಕೈಯಲ್ಲಿ ಬರುತ್ತಿತ್ತು, ಒಂದು ಕೈಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಹೆಬ್ಬೆರಳ ಉಗುರು ಬುಡದವರೆಗೆ ಮುರಿದು ರಕ್ತ ಬಂತು. ಖುರ್ಷಿದಾ ಅರಿಶಿನ ಹಚ್ಚಿ ಬಟ್ಟೆ ಸುತ್ತಿದಳು. ಒಳಗೆ ಕೂತು ಬೀಡಿ ಸೇದುತ್ತಿದ್ದ ನಜೀರ್ ಸಾಬರಿಗೆ ಮಗನ ಬೆರಳಿನ ಬಗ್ಗೆ ಸಂಕಟವಾಯಿತು, ಸ್ಪ್ರಿಂಗಿನ ಬಗ್ಗೆ ಸಮಾಧಾನವಾಯಿತು.

ಮರುದಿನ ಬೆಳಗ್ಗೆ ಮುಕ್ತಾರ್ ಶಿರಾಳಕೊಪ್ಪಕ್ಕೆ ಹೋಗಿ ಬರುತ್ತೇನೆ ಎಂದು ಹೊರಟ. ನಜೀರ್ ಸಾಬರು ತಿದಿಯನ್ನೂ ತವರವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಜಡೆಗೆ ಹೊರಟರು. ವೀರಬಸಪ್ಪನವರ ಮಗಳ ಮದುವೆ ಹತ್ತಿರ ಬಂದಿತ್ತು, ಆ ಮನೆಯ ತಾಮ್ರದ ಪಾತ್ರೆಗಳಿಗೆ ಪ್ರತಿ ಸಲವೂ ಕಲಾಯಿ ಹಾಕುವವರು ಇವರೇ. ಕೆಲಸ ಒಂದು ನೆಪ. ಯಜಮಾನರನ್ನು ಕಂಡು ಕೈ ಮುಗಿದು, ಹುಡುಗರ ಜಗಳವನ್ನು ಹಿರಿಯರು ಮುಗಿಸೋಣ ಎಂದು ಕೇಳಿಕೊಳ್ಳುವುದಿತ್ತು.

ಯಜಮಾನರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ರಾಜೇಶ್ವರಮ್ಮ ಹಂಡೆ, ಕೊಳಗ, ಬೋಗುಣಿಗಳನ್ನು ಅಂಗಳಕ್ಕೆ ತಂದಿಡಿಸಿದರು. ನಜೀರ್ ಸಾಬರು ನೆಲದಲ್ಲಿ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲಿಗೆ ಬೆಂಕಿ ಹಾಕಿದರು. ಮೊದಲ ಹಂಡೆ ಕಾದು, ಹಾಕಿದ ತವರ ಕರಗತೊಡಗಿತು.

"ಯಜಮಾನ್ರು ಎಲ್ಲಿಗೆ ಹೋದ್ರಮ್ಮಾ?"

"ಇನ್ನೆಲ್ಲಿಗೆ ಸಾಬ್ರೆ? ಹೋರಿ ಹೊಡ್ಕಂಡು ಬೆಳಗ್ಗೇನೇ ಹೋದ್ರು. ಪಕ್ಕದ ಊರಲ್ಲಿ ಹಬ್ಬ ಅಲ್ವಾ ಇವತ್ತು. ಮಗಳ ಮದ್ವೆಗೆ ಇಷ್ಟು ಓಡಾಡಿದ್ರೆ ನಂಗೆ ಈ ಪಾಡು ಇರ್ತಿರ್ಲಿಲ್ಲ."

ನಜೀರ್ ಸಾಬರು ತಿದಿ ಒತ್ತುತ್ತಾ ಮಾತಿಗೆ ದಾರಿ ಹುಡುಕಿದರು. "ಅಮ್ಮಾ, ನಿಮ್ಮ ಹನುಮಂತಪ್ಪಂಗೂ ನಮ್ಮ ಹುಡುಗಂಗೂ ಏನೋ ಮಾತಾಯ್ತಂತೆ. ಹುಡುಗು ಬುದ್ಧಿ. ಮನಸ್ಸಿಗೆ ಹಚ್ಕಬೇಡಿ ಅಂತ ಹೇಳಕ್ಕೆ ಬಂದೆ."

"ಅಯ್ಯೋ, ನೀವ್ಯಾಕೆ ಹಂಗಂತೀರಿ? ತಪ್ಪು ನಮ್ಮೋರದ್ದು," ಎಂದರು ರಾಜೇಶ್ವರಮ್ಮ. "ನಿಮ್ಮ ಮಗ ಹೇಳಿದ್ರಲ್ಲಿ ಎಂತ ತಪ್ಪಿತ್ತು? ಈ ಸಲ ಇವರು ಕೊಬ್ರಿ ಸರಾನ ನೈಲಾನ್ ಹಗ್ಗದಲ್ಲಿ ಪೋಣಿಸಿದಾರೆ. ಪುಂಡಿ ನಾರಿನ ಹುರಿ ಆದ್ರೆ ಜಗ್ಗಿದ್ರೆ ಹರಿಯತ್ತೆ. ಇದು ಹರಿಯೋದೇ ಇಲ್ಲ. ನಮ್ಮ ಹೋರಿ ಕೊಬ್ರಿ ಯಾರೂ ಹರೀಬಾರ್ದು ಅಂತ ಇವರ ಜಂಬ. ದೀಪಾವಳಿ ದಿನ ನಿಮ್ಮ ಹುಡುಗ ಕೈ ಹಾಕಿದಾಗ ಮಣಿಕಟ್ಟಿಗೆ ಸುತ್ಕಂಡು, ಪಾಪ, ಅರ್ಧ ಗದ್ದೆ ಎಳ್ಕಂಡು ಹೋಗಿತ್ತಂತೆ. ಹೆಂಗೋ ಬಿಡಿಸ್ಕಂಡ. ಅದಕ್ಕೇ ಹೋಟ್ಲ ಹತ್ರ ಬಂದು ಕೇಳ್ದ. ನಾರಿನ ಹುರಿ ಹಾಕಿ, ಯಾರಾದ್ರೂ ಸಾಯ್ತಾರೆ ಅಂದ. ಅಷ್ಟಕ್ಕೇ ಹನುಮಂತ ಹೊಡೆದ್ಬಿಟ್ಟ."

ತಿದಿಯ ಮೇಲಿದ್ದ ಕೈ ನಿಂತಿತು.

"ಹೋರಿ ಹಿಡಿಯೋ ಹುಡುಗ್ರು ಈಗ ಜೇಬಲ್ಲಿ ಚಾಕು ಇಟ್ಕಬೇಕು ಅಂತಿದಾರಂತೆ," ರಾಜೇಶ್ವರಮ್ಮ ಹೇಳುತ್ತಲೇ ಇದ್ದರು. "ಒಂದು ಕೈ ಹಗ್ಗದಲ್ಲಿ ಸಿಕ್ಕಂಡ್ರೆ ಇನ್ನೊಂದು ಕೈಲಿ ಕೊಯ್ಕಳ್ಳಕ್ಕೆ. ನೋಡಿ, ಹಬ್ಬ ಅಂದ್ರೆ ಇದಾ?"

ಮಣಿಕಟ್ಟಿನ ಕೆಂಪು ಗೀರು. ಬೆನ್ನ ಹಿಂದೆ ಇಟ್ಟುಕೊಂಡ ಎಡಗೈ. ಗಾಳಿಯಲ್ಲಿ ಹೆಬ್ಬೆರಳು ತಳ್ಳಿ ತೋರಿಸಿದ ಬಲಗೈ. ಮಗ ಯಾರನ್ನು ಕೊಲ್ಲಲೂ ಚಾಕು ಕೇಳಿರಲಿಲ್ಲ. ಹೋರಿ ಎಂದರೆ ಮನೆಯಿಂದ ಹೊರಗೆ ಹಾಕುತ್ತಾರೆಂದು ಕಾರಣ ಹೇಳಿರಲಿಲ್ಲ. ಶಿರಾಳಕೊಪ್ಪಕ್ಕೂ ಹೋಗಿರಲಿಲ್ಲ.

"ಸಾಬ್ರೆ, ಹಂಡೆ!" ಎಂದು ರಾಜೇಶ್ವರಮ್ಮ ಕೂಗುವ ಹೊತ್ತಿಗೆ ಹಾಕಿದ ತವರ ಕಪ್ಪಾಗಿ ಹೊಗೆಯೇಳುತ್ತಿತ್ತು. ನಜೀರ್ ಸಾಬರು ಆಗಲೇ ಅಂಗಳ ದಾಟಿದ್ದರು. ಚಪ್ಪಲಿ ಅಲ್ಲೇ ಉಳಿಯಿತು, ಸೈಕಲ್ಲೂ ನೆನಪಾಗಲಿಲ್ಲ. ಗದ್ದೆಯ ಬದುವಿನ ಮೇಲೆ ಪಕ್ಕದ ಊರಿನತ್ತ ಓಡಿದರು. ದೂರದಿಂದ ಡೊಳ್ಳು, ಜನರ ಕೇಕೆ ಕೇಳುತ್ತಿತ್ತು. ಕೇಕೆ ಕೇಳುವವರೆಗೂ ಏನೂ ಆಗಿಲ್ಲ ಎಂದುಕೊಂಡು ಓಡಿದರು. ಬಿಚ್ಚಲಿ ಯಾ ಅಲ್ಲಾ, ಇವತ್ತು ಒಂದೇ ಒಂದು ಸಲ ಬಿಚ್ಚಲಿ, ಎಂದು ಬೇಡಿಕೊಂಡರು. ನಿನ್ನೆ ಯಾವುದು ಬಿಚ್ಚಬಾರದೆಂದು ಆರಿಸಿ ತಂದಿದ್ದರೋ ಅದೇ.

ಡೊಳ್ಳು ನಿಂತಿತು. ಕೇಕೆಯೂ ನಿಂತಿತು.

ಅಖಾಡ ದಾಟಿ ಹೋರಿ ಬಹಳ ದೂರ ಓಡಿತ್ತು. ಕೊಯ್ಲಾದ ಗದ್ದೆಯ ಆಚೆ ತುದಿಯಲ್ಲಿ ಜನ ಮುತ್ತಿಕೊಂಡು ನಿಂತಿದ್ದರು. ನಜೀರ್ ಸಾಬರನ್ನು ನೋಡಿ ಜನ ತಾವಾಗಿಯೇ ದಾರಿ ಬಿಟ್ಟರು. ದಾರಿ ಬಿಟ್ಟ ರೀತಿಯಲ್ಲೇ ಎಲ್ಲ ಗೊತ್ತಾಯಿತು.

ಹೋರಿಯನ್ನು ಇಬ್ಬರು ಮೂಗುದಾರ ಹಿಡಿದು ನಿಲ್ಲಿಸಿದ್ದರು. ಅದು ದಣಿದು ಏದುಸಿರು ಬಿಡುತ್ತಿತ್ತು. ಅದರ ಕೊರಳ ಕೆಳಗೆ ಮುಕ್ತಾರ್ ಬಿದ್ದಿದ್ದ, ಮೈಯೆಲ್ಲ ಮಣ್ಣು, ತಲೆ ಒಂದು ಕಡೆಗೆ ವಾಲಿತ್ತು. ಎಡಗೈ ಮಾತ್ರ ಮೇಲಕ್ಕೆ, ಕೊಬ್ಬರಿ ಸರದ ನೀಲಿ ಹಗ್ಗದಲ್ಲಿ ಮಣಿಕಟ್ಟು ಬಿಗಿದುಕೊಂಡು ನೇತಾಡುತ್ತಿತ್ತು. ವೀರಬಸಪ್ಪನವರು ಎರಡೂ ಕೈಯಲ್ಲಿ ಆ ಹಗ್ಗ ಜಗ್ಗುತ್ತಿದ್ದರು, ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಹಗ್ಗ ಅವರಿಗೂ ಹರಿಯಲಿಲ್ಲ.

"ಉಸಿರು ಹೋಗೈತ್ರಿ," ಎಂದು ಯಾರೋ ಮೆಲ್ಲಗೆ ಹೇಳಿದರು. "ಕೈಯಾದ್ರೂ ಬಿಡ್ಸಿ. ಚಾಕು ಇದ್ರೆ ಕೊಡ್ರೋ ಯಾರಾದ್ರೂ."

"ಕುಡುಗೋಲು ತರಕ್ಕೆ ಓಡಿದಾನೆ, ಬರ್ತಾನೆ ತಡೀರಿ."

ನಜೀರ್ ಸಾಬರು ಮಗನ ಪಕ್ಕದಲ್ಲಿ ಕುಸಿದು ಕೂತರು. ಮಗನ ಬಲಗೈ ಮುಷ್ಟಿ ಕಟ್ಟಿತ್ತು. ಅರಿಶಿನದ ಬಟ್ಟೆ ಕಿತ್ತು ಹೋಗಿ ಉಗುರಿಲ್ಲದ ಹೆಬ್ಬೆರಳು ಕಾಣುತ್ತಿತ್ತು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಳಗೆ ಚಾಕು ಇತ್ತು, ಮಡಚಿದ್ದು ಮಡಚಿದಂತೆಯೇ. ಅಲಗಿನ ಬೆನ್ನ ಮೇಲೆ ರಕ್ತ ಮೆತ್ತಿತ್ತು, ಕೊಂಬಿನ ಹಿಡಿಯ ಮೇಲೆ ಹಲ್ಲಿನ ಗುರುತುಗಳಿದ್ದವು. ಹೋರಿ ಎಳೆದುಕೊಂಡು ಹೋಗುತ್ತಿರುವಾಗ ಹುಡುಗ ಅದನ್ನು ಬಾಯಿಂದ ಬಿಚ್ಚಲು ನೋಡಿದ್ದ.

ನಜೀರ್ ಸಾಬರು ಚಾಕು ಕೈಗೆ ತೆಗೆದುಕೊಂಡು ಗೀರಿಗೆ ಬೆರಳು ಒತ್ತಿದರು. ಜಾರಿತು. ಅಂಗಿಗೆ ಬೆರಳು ಒರೆಸಿ ಮತ್ತೆ ಒತ್ತಿದರು. ಬಡೇಸಾಬ್ ಮಾಡಿದ ಹಾಗೆ ಮೊಣಕಾಲಿಗೆ ಆನಿಸಿ ಎರಡೂ ಕೈಯಲ್ಲಿ ಎಳೆದರು. ಎಳೆಯುತ್ತಲೇ ಇದ್ದರು.

"ಇಲ್ಲಿ ಕೊಡ್ರಿ ಸಾಬ್ರೆ, ನಾನು ತೆಗೀತೀನಿ," ಎಂದು ವೀರಬಸಪ್ಪನವರು ಕೈ ಚಾಚಿದರು.

ಅವರು ಕೊಡಲಿಲ್ಲ. ಅಷ್ಟರಲ್ಲಿ ಕುಡುಗೋಲು ಬಂತು. ನೀಲಿ ಹಗ್ಗ ಕೊಯ್ದರು, ಮುಕ್ತಾರನ ಕೈ ಸಡಿಲವಾಗಿ ಎದೆಯ ಮೇಲೆ ಬಿತ್ತು. ಯಾರೋ ಪಂಚೆ ಬಿಚ್ಚಿ ಹೊದಿಸಿದರು. ನಜೀರ್ ಸಾಬರು ಅದೊಂದನ್ನೂ ನೋಡಲಿಲ್ಲ. ಚಾಕು ಹಿಡಿದ ಕೈಯನ್ನು ಸುತ್ತ ನಿಂತವರ ಕಡೆಗೆ ಚಾಚಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೇಳತೊಡಗಿದರು.

"ಎಣ್ಣೆ ಇದ್ರೆ ಕೊಡ್ರಪ್ಪ ಯಾರಾದ್ರೂ. ಒಂದು ತೊಟ್ಟು ಸಾಕು. ಒಂದೇ ತೊಟ್ಟು."